ಮಾಡ್ ಟೂಲ್ ಕೇಳುವವರಿಗೆ ಬೇಕಾಗಿರುವುದೇನು, ಎಡಿಟರ್ ಬರೆಯಲೇಬೇಕಾ?

ನಿಮ್ಮ ಸ್ಟ್ರಾಟೆಜಿ ಆಟ ಇಷ್ಟಪಟ್ಟವರೇ ಮಾಡ್ ಟೂಲ್ (ಆಟವನ್ನು ತಮಗೆ ಬೇಕಾದ ಹಾಗೆ ಬದಲಿಸುವ ಸಾಧನ) ಕೇಳುತ್ತಿದ್ದಾರೆ ಅಂದರೆ, ಬಹುಶಃ ಅವರಿಗೆ ನಿಮ್ಮ ನಿಯಮಗಳು ಬಾಯಿಪಾಠ ಆಗಿಬಿಟ್ಟಿವೆ. ಯಾವ ಪಡೆ ಗೆಲ್ಲುತ್ತದೆ, ಕಂಪ್ಯೂಟರ್ ಎದುರಾಳಿ ಎಲ್ಲಿ ಎಡವುತ್ತದೆ, ಎಲ್ಲ ಗೊತ್ತು. ಇನ್ನು ಲೆಕ್ಕವನ್ನೇ ಬದಲಿಸಿ ನೋಡುವ ಆಸೆ. ಅದಕ್ಕೆ ಎಡಿಟರ್, ಅಂದರೆ ಆಟವನ್ನು ತಿದ್ದುವ ಪ್ರತ್ಯೇಕ ಪ್ರೋಗ್ರಾಂ, ಬೇಕಿಲ್ಲ. (ನಾನು ಎಡಿಟರ್‌ನಿಂದಲೇ ಶುರುಮಾಡಿ ಸುಮ್ನೆ ತಿಂಗಳುಗಟ್ಟಲೆ ಕಳೆದೆ.)

ಮೊದಲು ಪಡೆಗಳ ಬೆಲೆ, ಶಕ್ತಿ, ವೇಗ ಎಲ್ಲವನ್ನೂ ಕೋಡ್‌ನಿಂದ ಹೊರತೆಗೆದು ಎಕ್ಸ್‌ಎಂಎಲ್ ಅಥವಾ ಜೇಸನ್ ಫೈಲ್‌ಗೆ (ಯಾರಾದರೂ ತೆರೆದು ತಿದ್ದಬಹುದಾದ ಪಠ್ಯ ಫೈಲ್) ಹಾಕಿ. 2005ರ ಸಿವಿಲೈಸೇಶನ್ 4 ಹೀಗೇ ಎಕ್ಸ್‌ಎಂಎಲ್ ಫೈಲ್‌ಗಳನ್ನು ಬಿಟ್ಟುಕೊಟ್ಟಿತ್ತು, ಜೊತೆಗೆ ಪೈಥಾನ್ ಭಾಷೆಯ ಕೋಡ್ ಕೂಡ.

ಆಮೇಲೆ ಪ್ರತ್ಯೇಕ ಮಾಡ್ ಫೋಲ್ಡರ್ ಮಾಡಿ. ಆಟ ಮೂಲ ಫೈಲ್ ಓದಿದ ಮೇಲೆ ಇದನ್ನು ಓದಲಿ. ಆಟಗಾರರು ಮೂಲ ಫೈಲನ್ನೇ ತಿದ್ದುವ ಹಾಗಿದ್ದರೆ ಪ್ರತಿ ಅಪ್‌ಡೇಟ್‌ಗೂ ಅವರ ಕೆಲಸ ಅಳಿಸಿಹೋಗುತ್ತದೆ. ತಪ್ಪಾದಾಗ ಯಾವ ಫೈಲ್, ಯಾವ ಸಾಲು ಅಂತ ಲಾಗ್‌ನಲ್ಲಿ (ಆಟ ಬರೆದಿಡುವ ದಾಖಲೆಯಲ್ಲಿ) ಬರಲೇಬೇಕು. ಇದಿಲ್ಲದಿದ್ದರೆ ಪ್ರಶ್ನೆಗಳೆಲ್ಲ ನಿಮ್ಮ ತಲೆಗೇ ಬರುತ್ತವೆ!

ಮಲ್ಟಿಪ್ಲೇಯರ್ ಇದ್ದರೆ ಆಟ ಶುರುವಾಗುವ ಮುಂಚೆ ಎಲ್ಲರ ಫೈಲ್‌ಗಳ ಚೆಕ್‌ಸಮ್ (ಫೈಲ್‌ನ ಒಳಗಿನದರಿಂದ ಲೆಕ್ಕಹಾಕಿದ ಗುರುತು ಸಂಖ್ಯೆ) ಹೋಲಿಸಿ, ಇಲ್ಲದಿದ್ದರೆ ಸಿಂಕ್ ತಪ್ಪುತ್ತದೆ, ಅಂದರೆ ಒಬ್ಬೊಬ್ಬರ ಕಂಪ್ಯೂಟರ್‌ನಲ್ಲಿ ಆಟ ಒಂದೊಂದು ರೀತಿ ಸಾಗುತ್ತದೆ.

ಇಷ್ಟಾದ ಮೇಲೆ ಮ್ಯಾಪ್ ಎಡಿಟರ್ (ಆಟದ ನಕ್ಷೆ ತಯಾರಿಸುವ ಸಾಧನ). 2002ರ ವಾರ್‌ಕ್ರಾಫ್ಟ್ 3 ಜೊತೆ ಬಂದ ವರ್ಲ್ಡ್ ಎಡಿಟರ್‌ನಲ್ಲೇ ಡೋಟಾ ಎಂಬ ಪ್ರಸಿದ್ಧ ಮಾಡ್ ಹುಟ್ಟಿದ್ದು ಅಲ್ವಾ, ಹಾಗಾಗಿ ಇದು ಎಂದಾದರೂ ಬೇಕೇ ಬೇಕು. ಲುವಾ ಸ್ಕ್ರಿಪ್ಟಿಂಗ್ (ಆಟಗಾರರೇ ಲುವಾ ಭಾಷೆಯಲ್ಲಿ ಚಿಕ್ಕ ಕೋಡ್ ಬರೆದು ಆಟ ಬದಲಿಸುವುದು) ಬೇಕಾ ಅನ್ನುವುದನ್ನು ನಿಮ್ಮ ಕೋಡ್ ನೋಡದೆ ಹೇಳಲಾರೆ. ಫೈಲ್ ತಿದ್ದಲು ಶುರುಮಾಡಿದವರು ಮುಂದೆ ಏನು ಕೇಳುತ್ತಾರೆ ನೋಡಿ, ಆಗ ತೀರ್ಮಾನಿಸಿ.