ಕಾಸರಗೋಡಿನಲ್ಲಿ ಎರಡು ದಿನ: ಬೇಕಲ ಕೋಟೆ ಬಿಟ್ಟರೆ ನೋಡುವಂಥದ್ದು ಏನಿದೆ?

ಬೇಕಲ ಕೋಟೆ ಅರ್ಧ ದಿನದಲ್ಲಿ ಮುಗಿಯುತ್ತದೆ, ಉಳಿದ ಒಂದೂವರೆ ದಿನ ಏನು ಮಾಡುವುದು, ಜೊತೆಗೆ ಅಪ್ಪ ಅಮ್ಮ ಇದ್ದಾರೆ, ಯಾರಿಗೂ ಮಲಯಾಳ ಬರುವುದಿಲ್ಲ ಅಂತ ಕೇಳಿದ್ದೀರಿ. ನಾನು ಹುಟ್ಟಿ ಬೆಳೆದದ್ದು ಇದೇ ಊರಲ್ಲಿ. ನಮ್ಮ ಮನೆಗೆ ಬರುವ ನೆಂಟರೂ ಇದನ್ನೇ ಕೇಳುತ್ತಾರೆ. ಕೇಳದವರು ಬೇಕಲದಲ್ಲಿ ಫೋಟೋ ತೆಗೆದುಕೊಂಡು ಸಂಜೆ ರೈಲಿಗೆ ಮಂಗಳೂರು ಸೇರುತ್ತಾರೆ.

ಭಾಷೆಯ ಚಿಂತೆ ಬಿಡಿ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ತನಕ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಪೇಟೆಯಲ್ಲಿ ಕನ್ನಡ ಧಾರಾಳ ನಡೆಯುತ್ತದೆ. ಒಂದೇ ಅಂಗಡಿಯಲ್ಲಿ ಮಾಲೀಕರು ಒಬ್ಬರ ಹತ್ತಿರ ತುಳು, ಇನ್ನೊಬ್ಬರ ಹತ್ತಿರ ಮಲಯಾಳ, ನಿಮ್ಮ ಹತ್ತಿರ ಕನ್ನಡ ಮಾತಾಡುವುದನ್ನು ನೋಡುತ್ತೀರಿ. ನೀವಾಗಿ ಇಂಗ್ಲಿಷ್ ಶುರು ಮಾಡಬೇಡಿ, ಅಷ್ಟೆ.

ಈಗ ವಿಷಯಕ್ಕೆ. ಕಾಸರಗೋಡು ಅಂದರೆ ಕೋಟೆಯ ಊರು ಅಂತ ಎಲ್ಲರೂ ತಿಳಿದಿದ್ದಾರೆ. ನನ್ನ ಪ್ರಕಾರ ಇದು ಹೊಳೆಯ ಊರು. ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಬರುವ ಪಯಸ್ವಿನಿ ಇಲ್ಲಿ ಚಂದ್ರಗಿರಿ ಹೊಳೆಯಾಗಿ ಕಡಲು ಸೇರುತ್ತದೆ. ಅದರ ಬಾಯಲ್ಲೇ ಊರಿದೆ. ಹಿಂದಿನವರಿಗೆ ಈ ಹೊಳೆಯೇ ಗಡಿ. ಬಡಗು ದಡ ತುಳುನಾಡು, ತೆಂಕು ದಡ ಮಲಯಾಳ ದೇಶ. ನಾಯರ್ ಹೆಂಗಸರು ಈ ಹೊಳೆ ದಾಟಿ ಈಚೆ ಬರುವ ಹಾಗೇ ಇರಲಿಲ್ಲವಂತೆ. ಹಾಗಾಗಿ ಒಂದು ಇಡೀ ದಿನ ಹೊಳೆಯ ಎರಡು ದಡಕ್ಕೆ ಇಟ್ಟುಕೊಳ್ಳಿ. ಬೇಕಲವನ್ನು ಬೇಕಿದ್ದರೆ ಮರುದಿನ ನೋಡಿ.

ಬೆಳಿಗ್ಗೆ ತಳಂಗರೆಯಿಂದ ಶುರು ಮಾಡಿ. ರೈಲ್ವೆ ಸ್ಟೇಷನ್ನಿನಿಂದ ಹತ್ತಿರವೇ. ಇಲ್ಲಿಯ ಮಾಲಿಕ್ ದೀನಾರ್ ಮಸೀದಿ ಹಿಜರಿ 22ರಲ್ಲಿ, ಅಂದರೆ ಕ್ರಿ.ಶ. 643ರ ಸುಮಾರಿಗೆ ಆದದ್ದು ಎಂಬ ನಂಬಿಕೆ ಇದೆ. 1809ರಲ್ಲಿ ಅದನ್ನು ದುರಸ್ತಿ ಮಾಡಿದರು. ಇಸವಿ ಬಗ್ಗೆ ವಾದ ಮಾಡುವವರು ಮಾಡಲಿ. ಅರಬ್ ವ್ಯಾಪಾರಿಗಳು ಈ ಕರಾವಳಿಗೆ ಬಹಳ ಹಿಂದಿನಿಂದ ಬರುತ್ತಿದ್ದರು ಎನ್ನುವುದಕ್ಕೆ ಈ ಊರಿನ ಮುಖಗಳು, ಊಟ, ಮಾತು ಎಲ್ಲ ಸಾಕ್ಷಿ. ಮರದ ಕೆತ್ತನೆ ಸಾವಕಾಶವಾಗಿ ನೋಡಿ. ಶುಕ್ರವಾರ ಮಧ್ಯಾಹ್ನ ಬೇಡ, ಜನ ಜಾಸ್ತಿ. ಮೈ ಮುಚ್ಚುವ ಬಟ್ಟೆ ಇರಲಿ. ಹೆಂಗಸರು ಎಲ್ಲಿಯ ತನಕ ಹೋಗಬಹುದು ಅಂತ ಅಲ್ಲಿದ್ದವರನ್ನೇ ಕೇಳಿ, ಮರ್ಯಾದೆಯಿಂದ ಹೇಳುತ್ತಾರೆ.

ಅಲ್ಲಿಂದ ಹಾಗೇ ಹೊಳೆ ಕಡೆಗೆ ನಡೆಯಿರಿ. ಲಾರಿ ಇಲ್ಲದ ಕಾಲದಲ್ಲಿ ಸಾಮಾನು ಬರುತ್ತಿದ್ದದ್ದು, ಹೋಗುತ್ತಿದ್ದದ್ದು ಇದೇ ನೀರಿನಲ್ಲಿ, ಮಂಜಿ, ಪತ್ತೆಮಾರಿ ಎಂಬ ಹಾಯಿ ಹಡಗುಗಳಲ್ಲಿ. ಈಗ ಅಲ್ಲಿ ಮೀನಿನ ದೋಣಿ ಬಿಟ್ಟರೆ ಹೆಚ್ಚೇನೂ ಇಲ್ಲ. ಬೋರ್ಡು, ಟಿಕೆಟ್ಟು, ಸೆಲ್ಫಿ ಪಾಯಿಂಟು ಯಾವುದೂ ಸಿಗುವುದಿಲ್ಲ. ನನಗೆ ಅದೇ ಇಷ್ಟ. ನಿಮ್ಮ ಅಪ್ಪ ಅಮ್ಮನಿಗೆ ಬೋರಾದರೆ ನನ್ನನ್ನು ಬೈಯಬೇಡಿ.

ತಳಂಗರೆ ಟೊಪ್ಪಿ ಅಂತ ಒಂದಿದೆ, ಕೇಳಿದ್ದೀರಾ? ಬಿಳಿ ಬಟ್ಟೆಯ ಮೇಲೆ ಕೈಯಲ್ಲೇ ಹೊಲಿಗೆ ಹಾಕಿ ಮಾಡುವ ಟೊಪ್ಪಿ. ಮನೆಯಲ್ಲಿ ಕೂತು ಹೆಂಗಸರು ಹೊಲಿಯುತ್ತಿದ್ದರು, ಅದು ಗಲ್ಫ್‌ವರೆಗೂ ಹೋಗುತ್ತಿತ್ತು. ಮೆಷಿನ್ ಟೊಪ್ಪಿ ಬಂದ ಮೇಲೆ ಈ ಕೆಲಸ ಮಾಡುವವರು ತುಂಬ ಕಡಿಮೆಯಾದರು. ಅಂಗಡಿಯಲ್ಲಿ ಕೇಳುವಾಗ 'ಕೈಯಲ್ಲಿ ಹೊಲಿದದ್ದೇ ಬೇಕು' ಅಂತ ಒತ್ತಿ ಹೇಳಿ.

ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಮಲಗಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಒಮ್ಮೆ ಏಪ್ರಿಲ್ ತಿಂಗಳಲ್ಲಿ ಚಿಕ್ಕಮ್ಮನ ಮನೆಯವರನ್ನು ನಡು ಮಧ್ಯಾಹ್ನ ಚಂದ್ರಗಿರಿ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಕುಡಿಯುವ ನೀರು ಒಯ್ದಿರಲಿಲ್ಲ. ಕೋಟೆಯ ಮುರಕಲ್ಲು (ಕೆಂಪು ಕಲ್ಲು) ಕಾದು ಕಾವಲಿಯಾಗಿತ್ತು. ಚಿಕ್ಕಪ್ಪ ಅರ್ಧಕ್ಕೇ ಕೂತರು, 'ನಿನ್ನ ಕೋಟೆ ನೀನೇ ನೋಡು ಮಾರಾಯ' ಅಂದರು. ಇವತ್ತಿಗೂ ಮದುವೆ ಮನೆಯಲ್ಲಿ ಸಿಕ್ಕಿದರೆ ಅದೇ ಮಾತು. ನೀವು ನಾಲ್ಕು ಗಂಟೆಯ ಮೇಲೆ ಹೋಗಿ, ನೀರಿನ ಬಾಟಲಿ ಮರೆಯಬೇಡಿ.

ಕೋಟೆ ಇರುವುದು ತೆಂಕು ದಡದಲ್ಲಿ, ಸೇತುವೆ ದಾಟಿದ ಮೇಲೆ. ಪೇಟೆಯಿಂದ ನಾಲ್ಕು ಕಿಲೋಮೀಟರ್ ಆಗಬಹುದು. ಆಟೋ ಸಿಗುತ್ತದೆ, ಕೊನೆಗೆ ಸ್ವಲ್ಪ ಹತ್ತಬೇಕು. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು. ಬೇಕಲವೂ ಅವನದೇ, ಅದು ಸುಮಾರು 40 ಎಕರೆ, ಕೇರಳದ ಅತಿ ದೊಡ್ಡ ಕೋಟೆ. ಅದರ ಮುಂದೆ ಚಂದ್ರಗಿರಿ ಕೋಟೆ ಚಿಕ್ಕ ತಮ್ಮ. ಒಳಗೆ ನೋಡಲು ಹೆಚ್ಚಿಗೆ ಏನಿಲ್ಲ, ಗೋಡೆ ಅಲ್ಲಲ್ಲಿ ಬಿದ್ದಿದೆ. ಆದರೆ ಗೋಡೆಯ ಮೇಲೆ ನಿಂತು ಪಡುವಣಕ್ಕೆ ನೋಡಿ. ಕೆಳಗೆ ಹೊಳೆ, ಅದರ ಮೇಲೆ ರೈಲು ಸೇತುವೆ, ಎರಡೂ ಕಡೆ ತೆಂಗು, ಆಚೆಗೆ ಕಡಲು. ಘಟ್ಟದಿಂದ ಇಳಿದ ಸಾಮಾನು ಕಡಲಿಗೆ ಹೋಗುವ ದಾರಿ ಪೂರ್ತಿ ಕಣ್ಣ ಮುಂದಿರುತ್ತದೆ. ಶಿವಪ್ಪ ನಾಯಕನಿಗೆ ಈ ಗುಡ್ಡ ಯಾಕೆ ಬೇಕಿತ್ತು ಅಂತ ಯಾವ ಗೈಡೂ ಹೇಳಬೇಕಾಗಿಲ್ಲ.

ಇನ್ನೊಂದು ಪುಕ್ಕಟೆ ಎನ್ನಬಹುದಾದ ಖುಷಿ. ಮಂಗಳೂರಿನಿಂದ ಬರುವ ರೈಲಿನಲ್ಲಿ ನೀವು ಹೊಳೆ ಬರುವ ಮೊದಲೇ ಇಳಿಯುತ್ತೀರಿ. ಹಾಗಾಗಿ ಮರುದಿನ ಬೇಕಲಕ್ಕೆ ಕಾರು ಮಾಡಬೇಡಿ, ಪ್ಯಾಸೆಂಜರ್ ರೈಲಿನಲ್ಲಿ ಹೋಗಿ, ಬಲಗಡೆ ಕಿಟಕಿ ಹಿಡಿಯಿರಿ. ಚಂದ್ರಗಿರಿ ಸೇತುವೆ, ಅದಾದ ಮೇಲೆ ಕಳನಾಡಿನ ಸುರಂಗ. ಬೇಕಲ ಫೋರ್ಟ್ ಅಂತಲೇ ಒಂದು ಸ್ಟೇಷನ್ ಇದೆ, ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ನೋಡಿ ಹತ್ತಿ. ಈ ದಾರಿಯಲ್ಲಿ ಮಂಗಳೂರಿನ ತನಕ ರೈಲು ಬಂದದ್ದು 1907ರಲ್ಲಿ. ದೋಣಿಗಳಿಗೆ ಕೆಟ್ಟ ಕಾಲ ಶುರುವಾದದ್ದು ಆಗಲೇ ಇರಬೇಕು ಅಂತ ನನ್ನ ಅಂದಾಜು.

ಊಟದ ವಿಷಯ. ಮೀನು ಮಾಂಸ ತಿನ್ನುವವರಾದರೆ ಪತ್ತಿರಿ (ಅಕ್ಕಿ ರೊಟ್ಟಿ) ಜೊತೆ ಕೋಳಿ ಸಾರು, ಕಲ್ಲುಮ್ಮಕಾಯಿ ಎಂಬ ಕಡಲ ಚಿಪ್ಪು ಸಿಕ್ಕಿದರೆ ಬಿಡಲೇಬೇಡಿ, ಮೇಲೆ ಒಂದು ಸುಲೈಮಾನಿ, ಅಂದರೆ ಹಾಲಿಲ್ಲದ ಚಹಾ. ಸಸ್ಯಾಹಾರಿಗಳಾದರೆ ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ. ಹೋಟೆಲ್ ಹೆಸರು ಹೇಳುವುದಿಲ್ಲ, ಹೇಳಿದರೆ ಕಮೆಂಟಿನಲ್ಲಿ ಜಗಳ ಶುರುವಾಗುತ್ತದೆ.

ಬೇಕಲದಿಂದ ಬೇಗ ಬಂದರೆ ಅಪ್ಪ ಅಮ್ಮನನ್ನು ಮಧೂರು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ. ಪೇಟೆಯಿಂದ ಎಂಟು ಕಿಲೋಮೀಟರ್, ಮಧುವಾಹಿನಿ ಹೊಳೆಯ ದಡ. ದೇವರು ಮದನಂತೇಶ್ವರ, ಅಂದರೆ ಶಿವ, ಆದರೆ ಜನ ಹೋಗುವುದು ಗಣಪತಿಗೆ. ಆನೆಯ ಬೆನ್ನಿನ ಹಾಗೆ ದುಂಡಗಿನ ಮೂರಂತಸ್ತಿನ ಗುಡಿ. ಗಣಪತಿಯನ್ನು ಅಪ್ಪದಿಂದ ಮುಚ್ಚುವ ದೊಡ್ಡ ಮೂಡಪ್ಪ ಸೇವೆ 1992ರ ನಂತರ ಆದದ್ದು 2025ರಲ್ಲಿ, ಆ ಜನಸಾಗರ ನಿಮಗೆ ಸಿಗುವುದಿಲ್ಲ. ಅಪ್ಪ ಪ್ರಸಾದ ಸಿಗುತ್ತದೆ, ಸ್ವಲ್ಪ ಜಾಸ್ತಿಯೇ ತಗೊಳ್ಳಿ.

ವ್ಯಾಪಾರದ ಹಳೆ ಊರು ಅಂತ ಆಸಕ್ತಿ ಇದ್ದರೆ ಮಂಗಳೂರಿಗೆ ವಾಪಸ್ ಹೋಗುವ ದಾರಿಯಲ್ಲಿ ಕುಂಬಳೆಯಲ್ಲಿ ಇಳಿಯಬಹುದು. 1514ರಲ್ಲಿ ಪೋರ್ಚುಗೀಸ್ ಯಾತ್ರಿಕ ಬಾರ್ಬೋಸ ಇಲ್ಲಿಂದ ಮಾಲ್ಡೀವ್ಸಿಗೆ ಅಕ್ಕಿ ಹೋಗುತ್ತದೆ, ಅಲ್ಲಿಂದ ತೆಂಗಿನ ನಾರು ಬರುತ್ತದೆ ಅಂತ ಬರೆದಿದ್ದಾನೆ. ತೆಂಗಿನ ನಾಡಿಗೇ ಹೊರಗಿನಿಂದ ನಾರು! ನನಗೆ ಇದು ಓದಿದಾಗಲೆಲ್ಲ ತಮಾಷೆ ಅನಿಸುತ್ತದೆ. ಯಕ್ಷಗಾನದ ಹುಚ್ಚಿದ್ದರೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಅಂತಲೂ ಒಮ್ಮೆ ಕಾಲಿಡಬೇಕು. ಹತ್ತಿರದ ಅನಂತಪುರದ ಕೆರೆ ದೇವಸ್ಥಾನದಲ್ಲಿದ್ದ ಬಬಿಯ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಮರುವರ್ಷ ಬೇರೊಂದು ಮೊಸಳೆ ಕಾಣಿಸಿಕೊಂಡಿತು. ಕಂಡರೆ ನಿಮ್ಮ ಅದೃಷ್ಟ.

ಮಳೆಗಾಲದಲ್ಲಿ ಬಂದರೆ ಹೊಳೆ ಕೆಂಪಗೆ ತುಂಬಿ ಹರಿಯುತ್ತದೆ, ನೋಡಲು ಚಂದ, ಆದರೆ ಕೋಟೆಯ ಕಲ್ಲು ಜಾರುತ್ತದೆ, ವಯಸ್ಸಾದವರಿಗೆ ಬೇಡ. ನವೆಂಬರಿನಿಂದ ಫೆಬ್ರವರಿ ಒಳಗೆ ಬನ್ನಿ. ಆಗ ತೆಯ್ಯಂ (ನಮ್ಮ ಭೂತಕೋಲದಂಥ ದೈವದ ಕುಣಿತ) ಸೀಸನ್ ಕೂಡ, ಎಲ್ಲಿ ಅಂತ ಆಟೋದವರಿಗೆ ಗೊತ್ತಿರುತ್ತದೆ.

ಅಮ್ಮನಿಗೆ ಕಾಸರಗೋಡು ಸೀರೆ ಕೊಡಿಸಿ. ಹತ್ತಿಯ ಕೈಮಗ್ಗದ್ದು, ಈ ಊರಿನದ್ದೇ ಅನ್ನುವ ಗುರುತಾದ ಜಿಐ ಟ್ಯಾಗ್ ಇರುವಂಥದ್ದು. ಪೇಟೆಯ ದೊಡ್ಡ ಬಟ್ಟೆ ಅಂಗಡಿಯಲ್ಲಿ ಕೇಳಿದರೆ ಬೇರೆಯದನ್ನೇ ತೋರಿಸಿ ಕಳಿಸುತ್ತಾರೆ, ನನ್ನ ಅಕ್ಕನಿಗೆ ಹಾಗೇ ಆಗಿದೆ. ವಿದ್ಯಾನಗರದ ಕಡೆ ನೇಕಾರರ ಸಹಕಾರಿ ಸಂಘ ಇದೆ, ನೇರ ಅಲ್ಲಿಗೇ ಹೋಗಿ. ಭಾನುವಾರ ಬಿಟ್ಟು.