ಬೈಬಲ್‌ನ ದೇವರು ಸರ್ವಜ್ಞನೂ ನ್ಯಾಯವಂತನೂ ಆಗಿದ್ದರೆ ಪಶ್ಚಾತ್ತಾಪಪಡುವುದೇಕೆ?

ಈ ಪ್ರಶ್ನೆಯನ್ನು ಹೊರಗಿನವರಷ್ಟೇ ಕೇಳುತ್ತಾರೆಂದು ಭಾವಿಸಬೇಕಿಲ್ಲ. ಸಮುವೇಲನ ಮೊದಲನೆಯ ಪುಸ್ತಕದ 15ನೇ ಅಧ್ಯಾಯವೇ ಅದನ್ನು ಎತ್ತುತ್ತದೆ. ಸೌಲನನ್ನು ಇಸ್ರಾಯೇಲ್ಯರ ಅರಸನನ್ನಾಗಿ ಮಾಡಿದ್ದಕ್ಕೆ ಪಶ್ಚಾತ್ತಾಪಪಡುತ್ತೇನೆಂದು 11ನೇ ವಚನದಲ್ಲಿ ದೇವರಾದ ಯೆಹೋವನೇ ನುಡಿದರೆ, ಪಶ್ಚಾತ್ತಾಪಪಡಲು ಆತನು ಮನುಷ್ಯನಲ್ಲವೆಂದು 29ನೇ ವಚನದಲ್ಲಿ ಪ್ರವಾದಿ ಸಮುವೇಲನು ಹೇಳುತ್ತಾನೆ. ದೇವರು ಪಶ್ಚಾತ್ತಾಪಪಡುತ್ತಾನೆಂಬುದು ಮನುಷ್ಯರ ಗ್ರಹಿಕೆಗೆ ಇಳಿಸಿ ಆಡಿದ ಮಾತೆಂದು 16ನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಸಮರ್ಥಿಸಿದರು. ಭವಿಷ್ಯ ದೇವರಿಗೂ ಇನ್ನೂ ತೆರೆದೇ ಇದೆಯೆಂದು ಇಂದಿನ ಕೆಲವು ದೇವತಾಶಾಸ್ತ್ರಜ್ಞರು ವಾದಿಸುತ್ತಾರೆ.

ನನಗೆ ಇದಕ್ಕಿಂತ ಗಂಭೀರವಾಗಿ ಕಾಣುವುದು ಅದೇ ಅಧ್ಯಾಯದ 3ನೇ ವಚನ: ಐಗುಪ್ತದಿಂದ (ಈಜಿಪ್ಟ್) ಬರುತ್ತಿದ್ದ ಇಸ್ರಾಯೇಲ್ಯರ ಮೇಲೆ ತಲೆಮಾರುಗಳ ಹಿಂದೆ ಪೂರ್ವಜರು ಎರಗಿದ ತಪ್ಪಿಗಾಗಿ ಅಮಾಲೇಕ್ಯರೆಂಬ ಜನಾಂಗದ ಮೊಲೆಕೂಸುಗಳನ್ನೂ ಕೊಲ್ಲಬೇಕೆಂಬ ಆಜ್ಞೆ. ತಂದೆಯ ಪಾಪಕ್ಕಾಗಿ ಮಕ್ಕಳಿಗೆ ಮರಣಶಿಕ್ಷೆ ಕೂಡದೆಂದು ಬೈಬಲ್‌ನದೇ ಪುಸ್ತಕವಾದ ಧರ್ಮೋಪದೇಶಕಾಂಡವೇ (24:16) ವಿಧಿಸಿರುವಾಗ, ದೇವರ ಚಿತ್ತ ಅಗಮ್ಯವೆಂಬ ಉತ್ತರ ಖಂಡಿತ ಸಾಲದು.