ಹಳೆಯ ಇಶ್ಯೂಗಳನ್ನು ಮುಚ್ಚುವುದು ಮೇಷ್ಟ್ರಿಗೆ ಮಾಡುವ ಅವಮಾನವೇ?

ಪ್ರಶ್ನೆ: ನಾನು ಮಳವಳ್ಳಿ ತಾಲ್ಲೂಕಿನವಳು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದೇನೆ. ಇಂಜಿನಿಯರಿಂಗ್ ಓದುವಾಗ ನಾನೂ ನನ್ನ ಸಹಪಾಠಿಯೂ ಸೇರಿ, ನುಡಿ ಮತ್ತು ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯವನ್ನು ಈಗಿನ ಸಾರ್ವತ್ರಿಕ ಅಕ್ಷರ-ಸಂಕೇತ ಪದ್ಧತಿಯಾದ ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶವೊಂದನ್ನು ಬರೆದು, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಓಪನ್ ಸೋರ್ಸ್ ಆಗಿ, ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ನಲ್ಲಿ ಇಟ್ಟೆವು. ಈಗ ಅದರಲ್ಲಿ 600ಕ್ಕೂ ಹೆಚ್ಚು ಇಶ್ಯೂಗಳು, ಅಂದರೆ ಬಳಕೆದಾರರು ಬರೆದ ದೂರು-ಕೋರಿಕೆಗಳು, ತೆರೆದೇ ಇವೆ. ಅತಿ ಹಳೆಯದಕ್ಕೆ ಒಂಬತ್ತು ವರ್ಷ. ವಿದೇಶದಲ್ಲಿರುವ ಸಹಪಾಠಿ, ತಾನಾಗಿಯೇ ಕೆಲಸ ಮಾಡುವ ಒಂದು ಬಾಟ್ ಹಾಕಿ, ವರ್ಷದಿಂದ ಸದ್ದಿಲ್ಲದಿರುವುದನ್ನೆಲ್ಲ ಒಂದೇ ರಾತ್ರಿಯಲ್ಲಿ ಕ್ಲೋಸ್ ಮಾಡೋಣ ಎನ್ನುತ್ತಾನೆ. ಆದರೆ ಅವುಗಳಲ್ಲಿ 70ರಷ್ಟನ್ನು ಬರೆದವರು ನನಗೆ ಪಿಯುಸಿಯಲ್ಲಿ ಕನ್ನಡ ಕಲಿಸಿದ, ಈಗ ನಿವೃತ್ತರಾಗಿ ಮಂಡ್ಯದಲ್ಲಿರುವ ಮೇಷ್ಟ್ರು. ತಪ್ಪಾಗಿ ಬಂದ ಒಂದೊಂದು ಪದವನ್ನೂ ಅದರ ಸರಿಯಾದ ರೂಪದೊಡನೆ ಬರೆದಿದ್ದಾರೆ. ಮದುವೆ ಮನೆಗಳಲ್ಲಿ ಸಿಕ್ಕಾಗಲೆಲ್ಲ ‘ಅದೇನಾಯಿತಮ್ಮ?’ ಎಂದು ಕೇಳುತ್ತಾರೆ. ಭಾನುವಾರ ಆ ಪಟ್ಟಿಯನ್ನು ತೆರೆದು ಓದುತ್ತಾ ಕೂರುತ್ತೇನೆ, ಏನೂ ಮಾಡದೆ ಎದ್ದುಬಿಡುತ್ತೇನೆ. ಸಂಬಳವಿಲ್ಲದ ಕೆಲಸ ಬಿಟ್ಟುಬಿಡು ಎಂದು ಮನೆಯವರು ಹೇಳುತ್ತಿದ್ದಾರೆ. ಪಟ್ಟಿಯ ಮೊದಲ ಕೆಲವು ಪುಟಗಳನ್ನು ಲಗತ್ತಿಸಿದ್ದೇನೆ. ಏನು ಮಾಡಲಿ?
— ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲಿ ಆ 600 ಎಂಬ ಸಂಖ್ಯೆ ಬಾಕಿ ಉಳಿದ ಸಾಲದ ಮೊತ್ತದಂತೆ ಕಾಣಿಸಿಕೊಂಡಿದೆ. ಮೊದಲು ಅಲ್ಲಿಂದಲೇ ಹೊರಬರಬೇಕು. ಓಪನ್ ಸೋರ್ಸ್ ತಂತ್ರಾಂಶಗಳ ಪರವಾನಗಿಗಳಾದ ಎಂಐಟಿ ಲೈಸೆನ್ಸ್ ಆಗಲಿ ಜಿಪಿಎಲ್ ಆಗಲಿ, ತಂತ್ರಾಂಶವನ್ನು ಇದ್ದ ಹಾಗೆ, ಯಾವ ಖಾತರಿಯೂ ಇಲ್ಲದೆ ಕೊಡಲಾಗುತ್ತಿದೆ ಎಂದು ಸ್ಪಷ್ಟವಾಗಿ ಹೇಳುತ್ತವೆ. ಇಶ್ಯೂ ಬರೆದವರು ನಿಮಗೆ ಒಂದು ಮಾಹಿತಿ ಕೊಟ್ಟಿದ್ದಾರೆ. ಅಷ್ಟರಿಂದ ಅವರು ಸಾಲ ಕೊಟ್ಟವರಾಗುವುದಿಲ್ಲ, ನೀವು ಋಣಿಯಾಗುವುದೂ ಇಲ್ಲ. ಆದರೆ ಮಾಹಿತಿಗೆ ಬೆಲೆಯಿದೆ. ಅದನ್ನು ಓದದೆ ಎಸೆಯುವುದು ಅವಮಾನವೋ ಅಲ್ಲವೋ ಎಂಬ ಚರ್ಚೆ ಆಮೇಲಿರಲಿ, ಮೊದಲಿಗೆ ಅದು ದುಂದು.

ನಿಮ್ಮ ಸಹಪಾಠಿಯ ಸಲಹೆಯನ್ನು ಕೋಪವಿಲ್ಲದೆ ಪರಿಶೀಲಿಸೋಣ, ಏಕೆಂದರೆ ದೊಡ್ಡ ಯೋಜನೆಗಳು ಹಾಗೆ ಮಾಡುತ್ತವೆ. ಗಿಟ್‌ಹಬ್‌ನ ಸ್ಟೇಲ್ ಎಂಬ ಉಪಕರಣವನ್ನು ಏನೂ ಬದಲಿಸದೆ ಹಾಕಿದರೆ, 60 ದಿನ ಸದ್ದಿಲ್ಲದ ಇಶ್ಯೂಗೆ ಹಳಸಿದೆ ಎಂಬ ಲೇಬಲ್ ಅಂಟಿಸಿ, ಮತ್ತೆ 7 ದಿನ ಕಾದು ಮುಚ್ಚಿಬಿಡುತ್ತದೆ. ದೊಡ್ಡ ಓಪನ್ ಸೋರ್ಸ್ ಯೋಜನೆಯಾದ ಕುಬರ್ನೆಟಿಸ್‌ನಲ್ಲಿ ಈ ಅವಧಿ 90, 30 ಮತ್ತು 30 ದಿನಗಳ ಮೂರು ಹಂತಗಳಲ್ಲಿ ನಡೆಯುತ್ತದೆ, ನಡುವೆ ಯಾರಾದರೂ ಒಂದು ಸಾಲಿನ ಆದೇಶ ಬರೆದರೆ ಇಶ್ಯೂ ಮತ್ತೆ ಜೀವ ಪಡೆಯುತ್ತದೆ. ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ ಫೆಡೋರಾದವರು ತಮ್ಮ ಪ್ರತಿ ಆವೃತ್ತಿಯನ್ನು ಸುಮಾರು 13 ತಿಂಗಳು ಪೋಷಿಸಿ, ಅವಧಿ ಮುಗಿದಾಗ ಆ ಆವೃತ್ತಿಯ ಮೇಲಿನ ದೂರುಗಳನ್ನು ಒಟ್ಟಿಗೆ ಮುಚ್ಚುತ್ತಾರೆ. ಅವರದು ನ್ಯಾಯವಾದ ಕಾರಣ: ದೂರಿಗೆ ಆಧಾರವಾದ ಆವೃತ್ತಿಯೇ ಈಗ ಇಲ್ಲ.

ನಿಮ್ಮಲ್ಲಿ ಆ ಕಾರಣ ನಿಲ್ಲುವುದಿಲ್ಲ. 2003ರಲ್ಲಿ ನುಡಿಯಲ್ಲಿ ಟೈಪ್ ಮಾಡಿದ ಒಂದು ಕಡತ ಇಂದಿಗೂ ಅಕ್ಷರಶಃ ಅದೇ ಕಡತ. ಅದರ ಸಂಕೇತಗಳು ಇನ್ನು ಮುಂದೆ ಬದಲಾಗುವಂತೆಯೂ ಇಲ್ಲ. ಒಂಬತ್ತು ವರ್ಷದ ಹಿಂದೆ ತಪ್ಪಾಗಿ ಪರಿವರ್ತನೆಯಾದ ಪದ, ನೀವು ಕೋಡನ್ನು ತಿದ್ದದಿದ್ದರೆ, ಇಂದೂ ಹಾಗೆಯೇ ತಪ್ಪಾಗುತ್ತದೆ. ಹಳೆಯದಾದ ಮಾತ್ರಕ್ಕೆ ಬಗ್ ಸುಳ್ಳಾಗುವುದಿಲ್ಲ ಎಂಬುದಕ್ಕೆ ಫೈರ್‌ಫಾಕ್ಸ್‌ನಲ್ಲಿ ಪ್ರಸಿದ್ಧ ಉದಾಹರಣೆಯಿದೆ: ಮೌಸ್ ಇಟ್ಟಾಗ ಮೂಡಿ, ಬೇರೆ ಕಿಟಕಿಗೆ ಹೋದರೂ ಅಳಿಯದೆ ನಿಲ್ಲುತ್ತಿದ್ದ ಪುಟ್ಟ ವಿವರಣೆಯ, ಅಂದರೆ ಟೂಲ್‌ಟಿಪ್‌ನ ಬಗ್ಗೆ 2002ರಲ್ಲಿ ದಾಖಲಾದ ದೂರು 2023ರಲ್ಲಿ ಪರಿಹಾರವಾಯಿತು. ಇನ್ನೊಂದು ಮಾತು. ಬಾಟ್ ಅಳೆಯುವುದು ಮೌನವನ್ನು. ತಿಂಗಳಿಗೊಮ್ಮೆ ಬಂದು ‘ಇನ್ನೂ ಆಗಿಲ್ಲವೇ’ ಎಂದು ಜೋರು ಮಾಡುವವರ ಇಶ್ಯೂ ಅದರ ಲೆಕ್ಕದಲ್ಲಿ ಜೀವಂತ. ಒಮ್ಮೆ ಅಚ್ಚುಕಟ್ಟಾಗಿ ಬರೆದು, ನಿಮಗೆ ತೊಂದರೆ ಕೊಡಬಾರದೆಂದು ಸುಮ್ಮನಿರುವ ಮೇಷ್ಟ್ರ ಇಶ್ಯೂ ಸತ್ತದ್ದು. ಸಭ್ಯತೆಗೆ ದಂಡ ಹಾಕುವ ಈ ವ್ಯವಸ್ಥೆ ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಹಾಗಾದರೆ ಏನನ್ನೂ ಮುಚ್ಚಬಾರದೇ? ಮುಚ್ಚಬೇಕು, ಬಹುಪಾಲನ್ನು ಮುಚ್ಚಬೇಕು. ಆದರೆ ವಯಸ್ಸು ನೋಡಿ ಅಲ್ಲ, ಕಾರಣ ನೋಡಿ. ನೀವು ಕಳುಹಿಸಿದ ಪುಟಗಳನ್ನು ಓದಿದರೆ ನಿಮ್ಮ 600 ದೂರುಗಳು 600 ಕಾಯಿಲೆಗಳಲ್ಲ ಎಂಬುದು ಎದ್ದು ಕಾಣುತ್ತದೆ. ‘ಧರ್ಮ’, ‘ಮಾರ್ಗ’, ‘ಕೀರ್ತಿ’, ‘ವರ್ಷ’ ಎಂದು ಬೇರೆ ಬೇರೆಯಾಗಿ ಬಂದಿರುವ ದೂರುಗಳ ಬೇರು ಒಂದೇ. ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ, ಶೇಖರವಾಗುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಂತೆ ರಕಾರ ಮೊದಲು ಬರಬೇಕು. ಗುಣಿತ ಮತ್ತು ಒತ್ತಕ್ಷರಗಳ ಜೊತೆಯಲ್ಲಿ ಈ ಸ್ಥಾನಪಲ್ಲಟವನ್ನು ನಿಮ್ಮ ಕೋಡ್ ಅರ್ಧಂಬರ್ಧ ಮಾಡುತ್ತಿದೆ. ‘ರ‍್ಯಾಂಕ್’ ಎಂಬುದು ‘ರ್ಯಾಂಕ್’ ಆಗುತ್ತಿರುವ ದೂರುಗಳು ಇನ್ನೊಂದು ಗುಂಪು. ಅಲ್ಲಿ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಬಿಟ್ಟುಹೋಗಿದೆ. ಪದ ತೆರೆಯ ಮೇಲೆ ಸರಿಯಾಗಿ ಕಂಡರೂ ಹುಡುಕಿದರೆ ಸಿಗುವುದಿಲ್ಲ ಎಂಬ ದೂರುಗಳು ಮೂರನೆಯದು: ಏತ್ವ, ಓತ್ವದ ಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಭಾಗಗಳಾಗಿಯೂ ಬರೆಯಬಹುದು, ಕೊನೆಯಲ್ಲಿ ಒಮ್ಮೆ ನಾರ್ಮಲೈಸ್ ಮಾಡಿದರೆ, ಅಂದರೆ ಎಲ್ಲವನ್ನೂ ಒಂದೇ ರೂಪಕ್ಕೆ ತಂದರೆ, ಆ ಇಡೀ ಗುಂಪು ಒಟ್ಟಿಗೆ ಬಗೆಹರಿಯುತ್ತದೆ. ಪ್ರತಿ ಗುಂಪಿಗೆ ಒಂದು ಮೂಲ ಇಶ್ಯೂ ಉಳಿಸಿಕೊಳ್ಳಿ. ಉಳಿದವುಗಳಲ್ಲಿ ಅದರ ಕೊಂಡಿ ಹಾಕಿ, ಇದು ಅದರ ನಕಲು ಎಂದು ಬರೆದು ಮುಚ್ಚಿ.

ಮುಚ್ಚುವ ಮುನ್ನ ಮಾಡಬೇಕಾದ ಒಂದು ಕೆಲಸವೇ ನಿಮ್ಮ ಮೇಷ್ಟ್ರ ಪ್ರಶ್ನೆಗೂ ಉತ್ತರ. ಅವರು ಬರೆದದ್ದು ಬರಿಯ ದೂರಲ್ಲ: ತಪ್ಪು ರೂಪ, ಸರಿ ರೂಪ ಎರಡನ್ನೂ ಕೊಟ್ಟಿದ್ದಾರೆ. ತಂತ್ರಾಂಶದವರಿಗೆ ಅದು ಸಿದ್ಧಪಡಿಸಿದ ಟೆಸ್ಟ್ ಕೇಸ್, ಅಂದರೆ ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸುವ ಮಾದರಿ. ಆ 70 ಇಶ್ಯೂಗಳಲ್ಲಿರುವ ಪದಗಳನ್ನು ಸಾಲುಸಾಲಾಗಿ ಒಂದು ಪರೀಕ್ಷಾ ಕಡತಕ್ಕೆ ಸೇರಿಸಿ. ಈಗ ಸೋಲುವುದನ್ನು ಸೋಲುತ್ತದೆ ಎಂದೇ ಗುರುತು ಮಾಡಿ ಇಡಿ. ಎಲ್ಲವನ್ನೂ ಈ ವಾರವೇ ತಿದ್ದಬೇಕಾಗಿಲ್ಲ. ಆ ಬಳಿಕ ಕೋಡ್‌ನಲ್ಲಿ ಯಾರು ಏನು ಬದಲಿಸಿದರೂ ಅವರ ಪದಗಳ ಮೇಲೆ ಪರೀಕ್ಷೆ ನಡೆಯುತ್ತದೆ. ಇಶ್ಯೂ ಮುಚ್ಚಿದರೂ ಅವರ ಶ್ರಮ ಪಟ್ಟಿಯ ತಳದಿಂದ ಎದ್ದು ಯೋಜನೆಯ ಒಳಗೆ ಬಂದಿರುತ್ತದೆ, ಮತ್ತು ಅಲ್ಲಿ ಅದು ತೆರೆದ ಇಶ್ಯೂ ಆಗಿದ್ದಾಗ ಮಾಡಿದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ಕೆಲವಕ್ಕೆ ‘ಇಲ್ಲ’ ಎನ್ನಬೇಕು. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುತ್ತಿವೆ ಎಂಬ ದೂರು ನೋಡಿ. ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಯಾವ ಸಾಲು ಯಾವ ಫಾಂಟ್‌ನಲ್ಲಿದೆ ಎಂಬ ಮಾಹಿತಿ ಕಳೆದುಹೋದ ಸಾದಾ ಪಠ್ಯದಲ್ಲಿ ಅದನ್ನು ಖಚಿತವಾಗಿ ಬೇರ್ಪಡಿಸಲು ಆಗದು. ಹಾಗೆಂದು ನಾಲ್ಕು ಸಾಲು ಬರೆದು ಮುಚ್ಚಿ. ವಿಂಡೋಸ್ 7 ಮತ್ತು ಪ್ರೋಗ್ರಾಮಿಂಗ್ ಭಾಷೆ ಪೈಥಾನ್ 2ಕ್ಕೆ ಸಂಬಂಧಿಸಿದವನ್ನು ಚರ್ಚೆಯಿಲ್ಲದೆ ಮುಚ್ಚಬಹುದು, ಎರಡರ ಬೆಂಬಲವೂ 2020ರ ಜನವರಿಯಲ್ಲೇ ಮುಗಿದಿದೆ. ಮೊಬೈಲ್ ಆ್ಯಪ್ ಬೇಕು ಎಂಬಂತಹ ಕೋರಿಕೆಗಳ ವಿಚಾರದಲ್ಲಿ ನೀವು ಸಂಕೋಚ ಬಿಡಬೇಕು. ಮೈಕ್ರೋಸಾಫ್ಟ್‌ನ ಕೋಡ್ ಬರೆಯುವ ತಂತ್ರಾಂಶ ವಿಎಸ್ ಕೋಡ್‌ನ ತಂಡವೇ ಹೊಸ ಸೌಲಭ್ಯದ ಕೋರಿಕೆಗೆ 60 ದಿನ ಕೊಟ್ಟು, ಅಷ್ಟರಲ್ಲಿ 20 ಮತ ಬಾರದಿದ್ದರೆ ಮುಚ್ಚುತ್ತದೆ; ಇಬ್ಬರೇ ಇರುವ ನಿಮಗೆ ಏಕೆ ನಾಚಿಕೆ? ಒಂದನ್ನು ಮಾತ್ರ ಅವಸರದಲ್ಲಿ ಮುಚ್ಚಬೇಡಿ: ತುಳು ಲಿಪಿಗೂ ಬೆಂಬಲ ಬೇಕು ಎಂಬ ಹಳೆಯ ಕೋರಿಕೆ. ಅದನ್ನು ಬರೆದಾಗ ಅದು ಅಸಾಧ್ಯವಾಗಿತ್ತು. 2024ರ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ಸಿಕ್ಕಿದೆ. ನೀವು ಅದನ್ನು ಮಾಡಬೇಕೆಂದಲ್ಲ, ಮಾಡಬಲ್ಲವರು ಈಗ ಬರಬಹುದು.

ಭಾನುವಾರಗಳ ವಿಷಯ. ಇಡೀ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುವ ಅಭ್ಯಾಸವನ್ನು ಇಂದೇ ನಿಲ್ಲಿಸಿ; ಅದರಲ್ಲಿ ಕೆಲಸ ಆಗುವುದಿಲ್ಲ, ಅಪರಾಧಿಭಾವ ಮಾತ್ರ ಬೆಳೆಯುತ್ತದೆ. ನೀವು ಮಳವಳ್ಳಿಯವರಾದ್ದರಿಂದ ವಿಶ್ವೇಶ್ವರಯ್ಯ ನಾಲೆಯ ಕಟ್ಟು ಪದ್ಧತಿಯನ್ನು ನಿಮಗೆ ವಿವರಿಸಬೇಕಾಗಿಲ್ಲ. ಎಲ್ಲರ ಗದ್ದೆಗೂ ಒಟ್ಟಿಗೆ ಹರಿಸುವಷ್ಟು ನೀರಿಲ್ಲದಾಗ ಸರದಿಯ ದಿನಾಂಕಗಳನ್ನು ಪ್ರಕಟಿಸುತ್ತಾರೆ. ಕೊನೆಭಾಗದ ರೈತ ಗೊಣಗಿದರೂ, ತನ್ನ ಸರದಿ ಎಂದೆಂದು ತಿಳಿದ ಮೇಲೆ ರಾತ್ರಿಯೆಲ್ಲ ತೂಬಿನ ಬಳಿ ಕಾಯುವುದಿಲ್ಲ. ಯೋಜನೆಯ ಮುಖಪುಟದಲ್ಲಿ ಹಾಗೆಯೇ ಬರೆಯಿರಿ: ಈ ಎರಡು ತಿಂಗಳು ಅರ್ಕಾವತ್ತು ಮಾತ್ರ, ಆಮೇಲೆ ಜೋಡಕ ಸಂಕೇತ, ಹೀಗೆ. ಸರದಿಯಲ್ಲಿಲ್ಲದ ಇಶ್ಯೂವನ್ನು ತೆರೆಯಲೇಬೇಡಿ.

ಸಹಪಾಠಿಯ ಬಾಟ್‌ಗೂ ಒಂದು ಜಾಗವಿದೆ. ಹೊಸದಾಗಿ ಬರುವ ಇಶ್ಯೂಗಳಿಗೆ ಒಂದು ನಮೂನೆ ಮಾಡಿ, ಮೂಲ ಫಾಂಟ್, ಮಾದರಿ ಕಡತ ಮತ್ತು ನಿರೀಕ್ಷಿತ ರೂಪ ಕೊಡುವಂತೆ ಕೇಳಿ. ಕೊಡದಿದ್ದರೆ ‘ಮಾಹಿತಿ ಬೇಕು’ ಎಂಬ ಲೇಬಲ್ ಹಚ್ಚಿ. ಆ ಲೇಬಲ್ ಇದ್ದು ಉತ್ತರ ಬಾರದವನ್ನು ಮಾತ್ರ ಬಾಟ್ ಮುಚ್ಚಲಿ. ಅಲ್ಲಿ ಮಾತಾಡಬೇಕಾದವರು ದೂರು ಬರೆದವರು, ಆದ್ದರಿಂದ ಅಲ್ಲಿಯ ಮೌನಕ್ಕೆ ಅರ್ಥವಿದೆ.

ಮೇಷ್ಟ್ರ ಮನೆಗೆ ಹೋಗಿ ಬನ್ನಿ. ಇಶ್ಯೂ ಮುಚ್ಚಿದ ಇಮೇಲ್ ಅವರಿಗೆ ತಲುಪುವ ಮೊದಲೇ ಹೋಗಿ. ಪರೀಕ್ಷಾ ಕಡತದ ಮುದ್ರಿತ ಪ್ರತಿಯೊಂದು ಕೈಯಲ್ಲಿರಲಿ, ತಪ್ಪೊಪ್ಪಿಗೆಯ ಧಾಟಿ ಬೇಡ. ಎಷ್ಟು ಪದ ಈಗ ಸರಿಯಾಗುತ್ತವೆ, ಎಷ್ಟು ಇನ್ನೂ ಆಗುವುದಿಲ್ಲ, ಯಾವುದನ್ನು ನೀವು ಮಾಡುವುದೇ ಇಲ್ಲ, ಮೂರನ್ನೂ ಹೇಳಿ. ಕಡತದಲ್ಲಿ ಅವರ ಹೆಸರು ಹಾಕಲು ಅನುಮತಿ ಕೇಳಿ. ಅವರಿಗೆ ಸ್ವಲ್ಪ ನೋವಾಗಬಹುದು. ಒಂಬತ್ತು ವರ್ಷ ಉತ್ತರವಿಲ್ಲದೆ ಕಾದವರಿಗೆ ಅಷ್ಟು ಹಕ್ಕಿದೆ. ಆದರೆ ‘ಅದೇನಾಯಿತಮ್ಮ?’ ಎಂಬುದು ಪ್ರಶ್ನೆ, ಮತ್ತು ಪ್ರಶ್ನೆಗೆ ‘ಇದು ಆಗದು ಸಾರ್’ ಎಂಬ ಉತ್ತರವೂ ನಡೆಯುತ್ತದೆ. ನಡೆಯದಿರುವುದು ನೀವು ಮದುವೆ ಮನೆಯಲ್ಲಿ ಕಂಬದ ಮರೆಗೆ ಸರಿಯುವುದು.

ಬಿಟ್ಟುಬಿಡು ಎನ್ನುವ ಮನೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅರ್ಕಾವತ್ತಿನ ಗುಂಪನ್ನು ಮುಗಿಸಿ ನೋಡಿ. ಆ ಬಳಿಕವೂ ಲ್ಯಾಪ್‌ಟಾಪ್ ತೆರೆಯಲು ಮನಸ್ಸು ಬಾರದಿದ್ದರೆ, ಗಿಟ್‌ಹಬ್‌ನಲ್ಲಿ ಯೋಜನೆಯನ್ನು ಆರ್ಕೈವ್ ಮಾಡಬಹುದು: ಕೋಡ್ ಮತ್ತು ಇಶ್ಯೂಗಳು ಓದಲು ಸಿಗುತ್ತವೆ, ಹೊಸದೇನೂ ಸೇರುವುದಿಲ್ಲ, ಬೇಕಾದವರು ಫೋರ್ಕ್ ಮಾಡಿಕೊಂಡು, ಅಂದರೆ ತಮ್ಮದೇ ಪ್ರತಿ ತೆಗೆದುಕೊಂಡು, ಮುಂದುವರಿಸುತ್ತಾರೆ. ಬೇರೆಯವರಿಗೆ ವಹಿಸುವುದಾದರೆ ಮಾತ್ರ ದಣಿವಿನ ಭರದಲ್ಲಿ ವಹಿಸಬೇಡಿ. 2024ರಲ್ಲಿ ಬಯಲಾದ, ಕಡತ ಕುಗ್ಗಿಸುವ ತಂತ್ರಾಂಶವೊಂದಕ್ಕೆ ಸಂಬಂಧಿಸಿದ ಎಕ್ಸ್‌ಝಡ್ ಪ್ರಕರಣದಲ್ಲಿ, ಬಳಲಿದ್ದ ಒಬ್ಬಂಟಿ ಮೇಂಟೇನರ್ (ನಿರ್ವಾಹಕ) ಮೇಲೆ ಕೆಲಸ ತಡವಾಗುತ್ತಿದೆ ಎಂಬ ಒತ್ತಡ ತರಲಾಗಿತ್ತು, ಮತ್ತು ನೆರವಿನ ಹೆಸರಿನಲ್ಲಿ ವಿಶ್ವಾಸ ಗಳಿಸಿ ಅಧಿಕಾರ ಪಡೆದ ವ್ಯಕ್ತಿಯೇ ಅದರೊಳಗೆ ಹಿಂಬಾಗಿಲು ಇಟ್ಟಿದ್ದ. ನಿಮ್ಮ ತಂತ್ರಾಂಶ ಅಷ್ಟು ದೊಡ್ಡದಲ್ಲ, ಆದರೂ ಜನ ತಮ್ಮ ಕಚೇರಿಯ ಹಳೆಯ ಕಡತಗಳನ್ನು ಅದರೊಳಗೆ ಹಾಕುತ್ತಿದ್ದಾರೆ. ಯಾರು ಕಳುಹಿಸಿದ ಕೋಡ್ ತಿದ್ದುಪಡಿಗಳನ್ನು, ಅಂದರೆ ಪುಲ್ ರಿಕ್ವೆಸ್ಟ್‌ಗಳನ್ನು ನೀವೇ ಸಾಲುಸಾಲು ಓದಿ ಒಪ್ಪಿದ್ದೀರೋ ಅಂಥವರಿಗೆ ಮೊದಲು ಇಶ್ಯೂ ವಿಂಗಡಿಸುವ ಹಕ್ಕನ್ನಷ್ಟೇ ಕೊಡಿ. ಕೋಡ್ ಸೇರಿಸುವ ಹಕ್ಕು ಒಂದೆರಡು ರಿಲೀಸ್ ಕಳೆದ ಮೇಲೆ.